ಎತ್ತರದ ಚಾಲಕರಿಗೆ ಸ್ಟೀರಿಂಗ್ ಏಕೆ ದೂರವಾಗುತ್ತದೆ: ಸೀಟು ಹೊಂದಿಸಿಕೊಳ್ಳುವ ಬಗೆ

ಎತ್ತರದವರು ಚಾಲಕನ ಸೀಟಿನಲ್ಲಿ ಕುಳಿತೊಡನೆ ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಮೊದಲು ಸೀಟನ್ನು ಹಳಿಯ ಕೊನೆಯವರೆಗೂ ಹಿಂದಕ್ಕೆ ಸರಿಸುತ್ತಾರೆ. ಆಮೇಲೆ, ತಲೆ ಚಾವಣಿಗೆ ತಾಗುವಂತಿದ್ದರೆ ಬೆನ್ನೊರಗನ್ನು ಇನ್ನಷ್ಟು ಹಿಂದಕ್ಕೆ ಬಾಗಿಸುತ್ತಾರೆ. ಕಾಲು ಚಾಚಲು ಜಾಗ ಸಿಗುತ್ತದೆ, ತಲೆಯ ಮೇಲೂ ಒಂದಿಷ್ಟು ಬಿಡುವು ದೊರೆಯುತ್ತದೆ, ಅಲ್ಲಿಗೆ ಸಮಸ್ಯೆ ಬಗೆಹರಿದಂತೆ ತೋರುತ್ತದೆ. ಆದರೆ ಈ ಎರಡೂ ಹೊಂದಾಣಿಕೆಗಳು ಭುಜವನ್ನು ಸ್ಟೀರಿಂಗ್‌ನಿಂದ ದೂರ ಒಯ್ಯುತ್ತವೆ. ಪೆಡಲ್‌ಗಳಿಗೂ ಸೀಟಿಗೂ ನಡುವಿನ ಅಂತರವನ್ನು ಸುಮಾರು 20 ಸೆಂಟಿಮೀಟರಿನಷ್ಟು ಹಿಗ್ಗಿಸಲು, ಕುಗ್ಗಿಸಲು ಬರುತ್ತದೆ. ಸ್ಟೀರಿಂಗ್ ಮಾತ್ರ ಹೆಚ್ಚಿನ ಕಾರುಗಳಲ್ಲಿ ನಾಲ್ಕಾರು ಸೆಂಟಿಮೀಟರು ಹೊರಗೆ ಬರುತ್ತದೆ, ಕೆಲವದರಲ್ಲಿ ಅದೂ ಇಲ್ಲ. ಹಾಗಾಗಿ ಎತ್ತರದ ಚಾಲಕರ ತೊಂದರೆ ಕಾಲಿನದೆಂದು ಕಂಡರೂ ಅದು ತೀರ್ಮಾನವಾಗುವುದು ಕೈಯಲ್ಲಿ. ಸ್ಟೀರಿಂಗ್ ಎಟುಕುವ ಹಾಗೆ ಕುಳಿತು, ಕಾಲಿಗೂ ತಲೆಗೂ ಜಾಗ ಹುಡುಕಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿ ಬಿಡಿಸಿ ನೋಡಬೇಕಾದ ಪ್ರಶ್ನೆ.

ಕಾರು ತಯಾರಕರು ಎತ್ತರದವರನ್ನು ಮರೆತಿರುತ್ತಾರೆ ಎಂದೇನಲ್ಲ. ಚಾಲಕನ ಜಾಗವನ್ನು ವಿನ್ಯಾಸ ಮಾಡುವಾಗ ಸಾಮಾನ್ಯವಾಗಿ ಮಹಿಳೆಯರ 5ನೇ ಶೇಕಡಾಂಕದಿಂದ (ನೂರರಲ್ಲಿ ಐವರಷ್ಟೇ ಇದಕ್ಕಿಂತ ಗಿಡ್ಡ) ಪುರುಷರ 95ನೇ ಶೇಕಡಾಂಕದವರೆಗಿನ (ನೂರರಲ್ಲಿ ಐವರಷ್ಟೇ ಇದಕ್ಕಿಂತ ಎತ್ತರ) ದೇಹಗಳನ್ನು ಗಮನದಲ್ಲಿಟ್ಟುಕೊಳ್ಳುತ್ತಾರೆ. ಅಪಘಾತ ಪರೀಕ್ಷೆಗಳಲ್ಲಿ ಹೆಚ್ಚಾಗಿ ಕೂರಿಸುವ ಸರಾಸರಿ ಪುರುಷನ ಬೊಂಬೆ ಸುಮಾರು 175 ಸೆಂಟಿಮೀಟರ್ ಎತ್ತರದ್ದು. ಅದೇ ಸರಣಿಯ ದೊಡ್ಡ ಪುರುಷನ ಬೊಂಬೆ ಸುಮಾರು 188 ಸೆಂಟಿಮೀಟರ್. ಇದರಾಚೆಗಿನವರು ವಿನ್ಯಾಸದ ಅಂಚಿನಲ್ಲಿರುತ್ತಾರೆ. ಅಂಚಿನಲ್ಲಿದ್ದರೂ ಸೀಟಿನ ಹಳಿ ಅವರನ್ನು ಹೇಗೋ ಒಳಗೊಳ್ಳುತ್ತದೆ. ಒಳಗೊಳ್ಳದಿರುವುದು ಮೆತ್ತೆಯ ಉದ್ದ, ಸೊಂಟದ ಆಸರೆಯ ಎತ್ತರ, ಸ್ಟೀರಿಂಗ್‌ನ ಸ್ಥಾನ, ಬೆಲ್ಟಿನ ಮೇಲ್ತುದಿ ಮುಂತಾದ ಸಣ್ಣ ಸಂಗತಿಗಳು. ದಣಿವು, ನೋವು ಶುರುವಾಗುವುದು ಇವುಗಳಿಂದಲೇ.

ಇನ್ನೊಂದು ವಿಷಯವನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಎತ್ತರದವರೆಲ್ಲರ ದೇಹವೂ ಒಂದೇ ತೆರನಲ್ಲ. ಕುಳಿತಾಗಿನ ಎತ್ತರ ನಿಂತಾಗಿನ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚಿರುತ್ತದೆ ಎಂಬುದು ಸಾಮಾನ್ಯ ಲೆಕ್ಕವಾದರೂ, ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ನೀಳವಾಗಿದ್ದು ಮತ್ತೊಬ್ಬರ ಮುಂಡ ಉದ್ದವಾಗಿದ್ದರೆ ಕುಳಿತಾಗಿನ ಎತ್ತರದಲ್ಲಿ ಹಲವು ಸೆಂಟಿಮೀಟರುಗಳ ವ್ಯತ್ಯಾಸ ಬರುತ್ತದೆ. ಉದ್ದ ಮುಂಡದವರಿಗೆ ತಲೆ ಚಾವಣಿಗೆ ತಾಗುವುದು, ಕಣ್ಣು ಗಾಜಿನ ಮೇಲಂಚಿಗೆ ಬರುವುದು ಮುಖ್ಯ ತೊಡಕು. ನೀಳ ಕಾಲಿನವರಿಗೆ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುವುದು, ತೊಡೆ ಗಾಳಿಯಲ್ಲಿ ನಿಲ್ಲುವುದು ತೊಡಕು. ಇಬ್ಬರಿಗೂ ಒಂದೇ ಪರಿಹಾರ ಹೇಳಿದರೆ ಒಬ್ಬರಿಗೆ ಖಂಡಿತ ತಪ್ಪಾಗುತ್ತದೆ. ಗಟ್ಟಿ ಸ್ಟೂಲಿನ ಮೇಲೆ ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ಕುಳಿತು, ಸ್ಟೂಲಿನಿಂದ ನೆತ್ತಿಯವರೆಗಿನ ಅಳತೆಯನ್ನು ನಿಮ್ಮಷ್ಟೇ ಎತ್ತರದ ಮತ್ತೊಬ್ಬರ ಅಳತೆಯೊಂದಿಗೆ ಹೋಲಿಸಿದರೆ ನೀವು ಯಾವ ಗುಂಪಿಗೆ ಸೇರಿದವರೆಂದು ಗೊತ್ತಾಗುತ್ತದೆ.

ಹೊಂದಿಸುವ ಕೆಲಸ ಸೀಟಿನ ಎತ್ತರದಿಂದ ಆರಂಭವಾಗಬೇಕು. ಎತ್ತರದವರು ಸೀಟನ್ನು ಪೂರ್ತಿ ಕೆಳಗಿಳಿಸಬೇಕು ಎಂಬ ನಂಬಿಕೆ ಎಲ್ಲೆಡೆ ಇದೆ. ಉದ್ದ ಮುಂಡದವರ ಮಟ್ಟಿಗೆ ಅದು ಬಹುಪಾಲು ಸರಿ. ಆದರೆ ತಲೆಯ ಮೇಲೆ ಜಾಗವಿರುವ ನೀಳ ಕಾಲಿನವರಿಗೆ ಸೀಟನ್ನು ಮೇಲೇರಿಸುವುದೇ ಹೆಚ್ಚು ಉಪಯುಕ್ತ, ಮತ್ತು ಇದು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ. ಕಾರಣ ಸರಳವಾದ ರೇಖಾಗಣಿತ. ಸೀಟು ನೆಲಕ್ಕೆ ಹತ್ತಿರವಿದ್ದಾಗ ಕಾಲು ಹೆಚ್ಚು ಕಡಿಮೆ ಅಡ್ಡಲಾಗಿ ಮುಂದಕ್ಕೆ ಚಾಚಿಕೊಳ್ಳಬೇಕು. ಅದರ ಪೂರ್ತಿ ಉದ್ದಕ್ಕೆ ಜಾಗ ಬೇಕಾದುದರಿಂದ ಸೀಟು ಹಿಂದಕ್ಕೆ ಹೋಗುತ್ತದೆ, ಜೊತೆಗೆ ಭುಜವೂ ಹಿಂದಕ್ಕೆ ಹೋಗುತ್ತದೆ. ಸೀಟು ಎತ್ತರವಾದಾಗ ಕಾಲಿನ ಉದ್ದದ ಒಂದು ಪಾಲು ಕೆಳಮುಖವಾಗಿ ಇಳಿಯುವುದರಲ್ಲಿ ಖರ್ಚಾಗುತ್ತದೆ. ಮಂಡಿ ಅಷ್ಟೇ ಬಾಗಿರುವಾಗಲೂ ಪೃಷ್ಠವನ್ನು ಪೆಡಲ್‌ಗಳಿಗೆ ಹತ್ತಿರ ತರಬಹುದು, ಆಗ ಸ್ಟೀರಿಂಗ್ ತಾನಾಗಿಯೇ ಕೈಗೆ ಎಟುಕುತ್ತದೆ. ತೊಡೆ ಮೆತ್ತೆಯ ಮೇಲೆ ಕೂರುತ್ತದೆ, ಸೊಂಟದ ಕೀಲಿನ ಕೋನ ಅಗಲವಾಗುತ್ತದೆ, ಕೆಳಬೆನ್ನು ಗೂನಾಗುವುದು ತಪ್ಪುತ್ತದೆ. ಕುರ್ಚಿಯ ಮೇಲೆ ಕೂತಂತೆ ಕೂರಿಸುವ ಎತ್ತರದ ಗಾಡಿಗಳು ಒಟ್ಟಾರೆ ಗಾತ್ರದಲ್ಲಿ ಚಿಕ್ಕವಾಗಿದ್ದರೂ ಎತ್ತರದವರಿಗೆ ಹಿಡಿಸುವುದು, ಉದ್ದನೆಯ ತಗ್ಗು ಕಾರುಗಳು ಹಿಡಿಸದಿರುವುದು ಇದೇ ಕಾರಣಕ್ಕೆ.

ಎಷ್ಟು ಏರಿಸಬಹುದು ಎಂಬುದಕ್ಕೆ ಮಿತಿ ಹಾಕುವುದು ತಲೆ. ನೆಟ್ಟಗೆ ಕುಳಿತಾಗ ನೆತ್ತಿಗೂ ಚಾವಣಿಗೂ ನಡುವೆ ಅಂಗೈ ಅಗಲದಷ್ಟು ಜಾಗ ಉಳಿಯಬೇಕು. ಉಬ್ಬುತಗ್ಗಿನ ರಸ್ತೆಯಲ್ಲಿ ದೇಹ ಮೇಲಕ್ಕೆ ಚಿಮ್ಮುತ್ತದೆ, ಪಕ್ಕಕ್ಕೆ ವಾಲಿದಾಗ ಬಾಗಿಲಿನ ಮೇಲಿನ ಚಾವಣಿಯ ಅಂಚು ತಲೆಗೆ ಇನ್ನೂ ಹತ್ತಿರವಾಗುತ್ತದೆ. ಇನ್ನೊಂದು ಮಿತಿ ಕಣ್ಣಿನದು. ಕಣ್ಣು ಮುಂಗಾಜಿನ ನಡುಭಾಗದ ಆಸುಪಾಸಿನಲ್ಲಿರಬೇಕೇ ಹೊರತು ಮೇಲಂಚಿನ ಬಣ್ಣದ ಪಟ್ಟಿಯ ನೇರಕ್ಕೆ ಬರಬಾರದು. ಕತ್ತು ಬಗ್ಗಿಸಿ ಮುಂದೆ ನೋಡಬೇಕಾದ ಸ್ಥಿತಿಯಿದ್ದರೆ ಆ ಸೀಟು ಎತ್ತರವಾಯಿತು ಎಂದೇ ಅರ್ಥ. ಉದ್ದ ಮುಂಡದವರು ಪೂರ್ತಿ ಇಳಿಸಿದ ಮೇಲೂ ಹೀಗೇ ಆದರೆ, ಆ ಕಾರು ಅವರದಲ್ಲ ಎಂದು ಒಪ್ಪಿಕೊಳ್ಳುವುದೇ ಲೇಸು. ಸದಾ ಬಾಗಿದ ಕತ್ತಿಗೆ ಯಾವ ದಿಂಬೂ ಪರಿಹಾರವಲ್ಲ.

ಎತ್ತರ ನಿಂತ ಮೇಲೆ ಹಿಂದು ಮುಂದಿನ ಅಂತರ. ಪೃಷ್ಠವನ್ನು ಸೀಟಿನ ಮೂಲೆಗೆ ಒತ್ತಿ ಕುಳಿತು, ಎಂಜಿನ್ ಚಾಲೂ ಇಟ್ಟು, ನಿಂತಲ್ಲೇ ಬ್ರೇಕನ್ನು ತುರ್ತು ಸಂದರ್ಭದಲ್ಲಿ ತುಳಿಯುವಷ್ಟು ಬಲವಾಗಿ ತುಳಿದು ನೋಡಬೇಕು. ಕ್ಲಚ್ ಇದ್ದರೆ ಅದನ್ನು ತಳದವರೆಗೂ ಒತ್ತಬೇಕು. ಹಾಗೆ ಒತ್ತಿದಾಗಲೂ ಮಂಡಿ ಸ್ಪಷ್ಟವಾಗಿ ಬಾಗಿರಬೇಕು, ಪೃಷ್ಠ ಮುಂದಕ್ಕೆ ಜಾರಬಾರದು. ಮಂಡಿ ನೆಟ್ಟಗಾಗಿ ಬಿಗಿದುಕೊಂಡಿದ್ದರೆ ಎದುರಿನಿಂದ ಬಡಿತ ಬಿದ್ದಾಗ ಅದರ ಬಲ ನೇರವಾಗಿ ತೊಡೆಮೂಳೆಯ ಮೂಲಕ ಸೊಂಟದ ಕೀಲಿಗೆ ತಲುಪುತ್ತದೆ. ಎತ್ತರದವರಲ್ಲಿ ಸಾಮಾನ್ಯವಾಗಿ ಇದರ ವಿರುದ್ಧದ ತೊಂದರೆ ಹೆಚ್ಚು: ಮಂಡಿ ಬಹಳ ಬಾಗಿ, ಕಾಲನ್ನು ಬ್ರೇಕಿನಿಂದ ಆಕ್ಸಿಲರೇಟರಿಗೆ ಸರಿಸುವಾಗ ಅದು ಸ್ಟೀರಿಂಗ್‌ನ ಕೆಳಭಾಗಕ್ಕೆ ತಾಗುತ್ತದೆ. ಈ ಸರಿಸುವಿಕೆಯನ್ನು ನಿಂತ ಕಾರಿನಲ್ಲೇ ಹಲವು ಬಾರಿ ವೇಗವಾಗಿ ಮಾಡಿ ನೋಡಬೇಕು. ಉದ್ದ ಪಾದದವರಿಗೆ ಇನ್ನೊಂದು ಕಿರಿಕಿರಿಯುಂಟು; ಹಿಮ್ಮಡಿ ನೆಲದ ಮೇಲಿದ್ದಾಗ ಬೂಟಿನ ತುದಿ ಪೆಡಲಿನ ಮೇಲಿನ ಕವಚಕ್ಕೆ ತಾಗುವುದು, ಅಥವಾ ಬೂಟಿನ ಅಂಚು ಬ್ರೇಕ್ ಪೆಡಲಿನ ಬದಿಗೆ ಸಿಕ್ಕಿಕೊಳ್ಳುವುದು. ದಪ್ಪ ಅಟ್ಟೆಯ ಅಗಲ ಬೂಟಿನ ಬದಲು ತೆಳು ಅಟ್ಟೆಯ ಬೂಟು ಧರಿಸಿದರೆ ಇದು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಮಂಡಿ ಎಲ್ಲಿ ವಿಶ್ರಮಿಸುತ್ತದೆ ಎಂಬುದನ್ನೂ ಗಮನಿಸಬೇಕು. ಮುಂದೆ ಜಾಗ ಸಾಲದಾಗ ನೀಳ ಕಾಲಿನವರು ಮಂಡಿಗಳನ್ನು ಹೊರಕ್ಕೆ ಅಗಲಿಸುತ್ತಾರೆ. ಒಂದು ಬಾಗಿಲಿಗೆ, ಇನ್ನೊಂದು ನಡುವಿನ ಕನ್ಸೋಲಿಗೆ ಒರಗುತ್ತದೆ. ಮಂಡಿಯ ಹೊರಬದಿಯಲ್ಲಿ, ಕೀಲಿಗಿಂತ ಸ್ವಲ್ಪ ಕೆಳಗೆ, ಬೆರಳಿಟ್ಟರೆ ಗುಂಡಿಯಂಥ ಒಂದು ಮೂಳೆ ಸಿಗುತ್ತದೆ. ಅದು ಮೊಣಕಾಲಿನ ಕೆಳಗಿನ ಎರಡು ಎಲುಬುಗಳಲ್ಲಿ ತೆಳ್ಳಗಿನದಾದ ಫಿಬುಲಾದ ಮೇಲ್ತುದಿ. ಪೆರೋನಿಯಲ್ ನರ ಅದರ ಕತ್ತಿನ ಸುತ್ತ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಾದುಹೋಗುತ್ತದೆ, ಅದನ್ನು ಕಾಪಾಡುವ ಮಾಂಸ ಅಲ್ಲಿ ಇಲ್ಲವೆಂದೇ ಹೇಳಬೇಕು. ಗಟ್ಟಿ ಪ್ಲಾಸ್ಟಿಕ್ಕಿನ ಅಂಚು ಅದೇ ಜಾಗವನ್ನು ತಾಸುಗಟ್ಟಲೆ ಒತ್ತಿದರೆ ಕಾಲಿನ ಹೊರಬದಿ ಮತ್ತು ಪಾದದ ಮೇಲ್ಭಾಗ ಜೋಮು ಹಿಡಿಯುತ್ತವೆ. ದೂರ ಪ್ರಯಾಣದಲ್ಲಿ ಪಾದ ಮರಗಟ್ಟುತ್ತದೆ ಎಂದು ಸೀಟಿನ ಮೆತ್ತೆಯನ್ನು ದೂರುವ ಎಷ್ಟೋ ಮಂದಿ ಮೊದಲು ಈ ಜಾಗವನ್ನು ಪರೀಕ್ಷಿಸಿ ನೋಡಬೇಕು. ಕನ್ಸೋಲಿನ ಬದಿಗೆ ಮೃದುವಾದ ಪ್ಯಾಡ್ ಅಂಟಿಸುವುದು ಒಂದು ಉಪಾಯ. ಪ್ಯಾಂಟಿನ ಹಿಂಜೇಬಿನಲ್ಲಿ ಪರ್ಸ್ ಇಟ್ಟುಕೊಂಡು ಕೂರುವವರಂತೂ ಅದನ್ನು ತೆಗೆದಿಡಲೇಬೇಕು. ಅದು ಒಂದು ಬದಿಯ ಪೃಷ್ಠವನ್ನು ಎತ್ತಿ ಇಡೀ ಬೆನ್ನೆಲುಬನ್ನು ವಾರೆ ಮಾಡುತ್ತದೆ.

ತೊಡೆಯ ಆಸರೆ ಮೆತ್ತೆಯ ಉದ್ದಕ್ಕೆ ಸಂಬಂಧಿಸಿದ್ದು. ಮೆತ್ತೆಯ ಮುಂದಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳಿನ ಅಂತರವಿದ್ದರೆ ಸರಿಯೆನ್ನುವುದು ವಾಡಿಕೆ. ನೀಳ ಕಾಲಿನವರಿಗೆ ಈ ಅಂತರ ಒಂದು ಗೇಣಿನವರೆಗೂ ಹೋಗಬಹುದು. ಆಗ ತೊಡೆಯ ಭಾರವನ್ನೆಲ್ಲ ಕಾಲಿನ ಸ್ನಾಯುಗಳೇ ಹೊರಬೇಕಾಗುತ್ತದೆ, ಕೂತ ಭಾರ ಪೃಷ್ಠದ ಎರಡು ಮೂಳೆಗಳ ಮೇಲೆ ಕೇಂದ್ರೀಕರಿಸುತ್ತದೆ. ಮೆತ್ತೆಯ ಮುಂಭಾಗವನ್ನು ಮೇಲೆತ್ತುವ ಅಥವಾ ಮುಂದಕ್ಕೆ ಎಳೆಯುವ ಸೌಲಭ್ಯವಿರುವ ಸೀಟು ಎತ್ತರದವರಿಗೆ ಬೇರೆ ಯಾವ ಅಲಂಕಾರಕ್ಕಿಂತಲೂ ಬೆಲೆಯುಳ್ಳದ್ದು ಎಂಬುದು ನನ್ನ ಅಭಿಪ್ರಾಯ.

ಬೆನ್ನೊರಗಿನ ವಿಷಯಕ್ಕೆ ಬಂದರೆ, ಮೆತ್ತೆಗೂ ಒರಗಿಗೂ ನಡುವಿನ ಕೋನ 100ರಿಂದ 110 ಡಿಗ್ರಿಯ ಆಸುಪಾಸಿನಲ್ಲಿರುವುದು ಹೆಚ್ಚಿನವರಿಗೆ ಹಿತ. 1960ರ ದಶಕದಲ್ಲಿ ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ ಸೊಂಟದ ಭಾಗದ ಬೆನ್ನುಮೂಳೆಗಳ ನಡುವಿನ ಮೆತುವಾದ ಡಿಸ್ಕ್‌ನೊಳಗೇ ಸೂಜಿಯಿಟ್ಟು ಒತ್ತಡ ಅಳೆದಾಗ, ಆಸರೆಯಿಲ್ಲದೆ ಕುಳಿತ ಸ್ಥಿತಿಯಲ್ಲಿ ಅದು ನಿಂತ ಸ್ಥಿತಿಗಿಂತ ಹೆಚ್ಚಾಗಿತ್ತು. ಒರಗು ತುಸು ಹಿಂದಕ್ಕೆ ಬಾಗಿ ಸೊಂಟಕ್ಕೆ ಆಸರೆ ದೊರೆತಾಗ ಒತ್ತಡ ಇಳಿಯುವುದನ್ನು ನಂತರದ ಅಳತೆಗಳು ತೋರಿಸಿದವು. ಒರಗುವುದು ತಪ್ಪಲ್ಲ, ಅತಿಯಾಗಿ ಒರಗುವುದು ತಪ್ಪು. ಬಹಳ ಮಲಗಿಸಿದಾಗ ರಸ್ತೆ ನೋಡಲು ಕತ್ತನ್ನು ಮುಂದಕ್ಕೆ ಚಾಚಬೇಕಾಗುತ್ತದೆ, ಭುಜ ಒರಗಿನಿಂದ ಎದ್ದು ಬರುತ್ತದೆ, ಬೆಲ್ಟ್ ಎದೆಯಿಂದ ದೂರ ಉಳಿಯುತ್ತದೆ. ಅಪಘಾತದಲ್ಲಿ ದೇಹ ಸೊಂಟದ ಬೆಲ್ಟಿನ ಅಡಿಯಿಂದ ಮುಂದಕ್ಕೆ ಜಾರಿ, ಬೆಲ್ಟು ಗಟ್ಟಿ ಮೂಳೆಯ ಬದಲು ಹೊಟ್ಟೆಯನ್ನು ಒತ್ತುವ ಅಪಾಯವೂ ಇದೆ.

ಸೀಟಿನಲ್ಲಿ ಅಳವಡಿಸಿರುವ ಸೊಂಟದ ಉಬ್ಬು ಸರಾಸರಿ ದೇಹಕ್ಕೆ ಹೊಂದುವ ಎತ್ತರದಲ್ಲಿರುತ್ತದೆ. ಉದ್ದ ಮುಂಡದವರಿಗೆ ಅದು ತೀರ ಕೆಳಗೆ, ಬೆನ್ನಿನ ಬುಡಕ್ಕೆ ಚುಚ್ಚುತ್ತದೆ. ಮೇಲೆ ಕೆಳಗೆ ಸರಿಯುವ ಉಬ್ಬು ಇದ್ದರೆ ಅದನ್ನು ಸೊಂಟಪಟ್ಟಿಯ ನೇರಕ್ಕೆ ಅಥವಾ ತುಸು ಮೇಲಕ್ಕೆ ತರಬೇಕು. ಇಲ್ಲದಿದ್ದರೆ ಸಣ್ಣ ಟವೆಲನ್ನು ಸುರುಳಿ ಸುತ್ತಿ ಅಲ್ಲಿಡಬಹುದು. ಅದು ಇದೆಯೆಂದು ಗೊತ್ತಾಗಬೇಕು, ಆದರೆ ಬೆನ್ನನ್ನು ಮುಂದಕ್ಕೆ ನೂಕಬಾರದು. ಸುರುಳಿ ದಪ್ಪವಾದಷ್ಟೂ ಸ್ಟೀರಿಂಗ್ ಹತ್ತಿರ ಬಂದಂತೆ ಅನಿಸುವುದು ನಿಜವಾದರೂ ಆ ಆಸೆಗೆ ದಪ್ಪ ದಿಂಬು ಇಡುವುದು ಬೇಡ.

ಈಗ ಸ್ಟೀರಿಂಗ್. ಎರಡೂ ಭುಜಗಳನ್ನು ಒರಗಿಗೆ ತಾಗಿಸಿಟ್ಟು ತೋಳನ್ನು ಮುಂದೆ ಚಾಚಿದಾಗ ಮಣಿಕಟ್ಟು ಚಕ್ರದ ತುತ್ತತುದಿಯ ಮೇಲೆ ಕೂರಬೇಕು. ಅಂಗೈ ಮಾತ್ರ ತಲುಪುತ್ತಿದ್ದರೆ ಚಕ್ರ ದೂರವಿದೆ. ಮುಂಗೈಯ ನಡುಭಾಗ ತಲುಪಿದರೆ ಹತ್ತಿರವಾಯಿತು. ಅನಂತರ ಕೈಗಳನ್ನು ಗಡಿಯಾರದ 9 ಮತ್ತು 3ರ ಸ್ಥಾನದಲ್ಲಿಟ್ಟರೆ ಮೊಣಕೈ ಸಡಿಲವಾಗಿ ಬಾಗಿರುತ್ತದೆ. ಎದೆಯ ನಡುಮೂಳೆಗೂ ಚಕ್ರದ ನಡುವಿನ ಏರ್‌ಬ್ಯಾಗ್ ಮುಚ್ಚಳಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು ಎಂಬ ನಿಯಮವನ್ನು ಎತ್ತರದವರು ಮುರಿಯುವುದು ಅಪರೂಪ. ಅವರು ಎಡವುವುದು ಇನ್ನೊಂದು ತುದಿಯಲ್ಲಿ: ತೋಳು ನೆಟ್ಟಗೆ ಚಾಚಿಕೊಂಡು, ಭುಜದ ಸ್ನಾಯು ದಿನವಿಡೀ ತೋಳಿನ ಭಾರ ಹೊತ್ತು, ತಿರುವಿನಲ್ಲಿ ಚಕ್ರದ ಮೇಲ್ಭಾಗ ಹಿಡಿಯಲು ಬೆನ್ನನ್ನು ಒರಗಿನಿಂದ ಎತ್ತಬೇಕಾಗುತ್ತದೆ. ಭುಜದ ನಡುವೆ, ಕತ್ತಿನ ಬುಡದಲ್ಲಿ ಬರುವ ನೋವಿನ ಮೂಲ ಬಹಳ ಸಲ ಇಲ್ಲಿರುತ್ತದೆ.

ಚಕ್ರವನ್ನು ಹೊರಕ್ಕೆ ಎಳೆಯುವ ಸೌಲಭ್ಯವಿದ್ದರೆ ಅದನ್ನು ಮೊದಲು ಪೂರ್ತಿ ಎಳೆದು, ಬೇಕಾದರೆ ಆಮೇಲೆ ಒಳಕ್ಕೆ ತಳ್ಳಬೇಕು. ಮೇಲೆ ಕೆಳಗೆ ಮಾಡುವಾಗ ತೊಡೆಗೆ ತಾಗದಷ್ಟು ಮೇಲಿರಲಿ, ಆದರೆ ವೇಗಮಾಪಕ ಮುಚ್ಚಿಹೋಗದಿರಲಿ. ಏರ್‌ಬ್ಯಾಗ್ ಮುಖಕ್ಕಲ್ಲ, ಎದೆಗೆ ಎದುರಾಗಿರಲಿ. ಹೊರಗೆ ಬಾರದ ಚಕ್ರವಿರುವ ಕಾರಿನಲ್ಲಿ ಏನನ್ನಾದರೂ ಬಿಟ್ಟುಕೊಡಲೇಬೇಕು. ಅಂಥಲ್ಲಿ ಕಾಲಿನ ಸುಖವನ್ನು ಸ್ವಲ್ಪ ಬಿಟ್ಟುಕೊಟ್ಟು ಕೈಯನ್ನು ಉಳಿಸಿಕೊಳ್ಳುವುದು ಜಾಣತನ: ಸೀಟನ್ನು ಒಂದೆರಡು ಹಲ್ಲು ಮುಂದಕ್ಕೆ ತಂದು, ಒರಗನ್ನು ಒಂದು ಹಂತ ನೇರವಾಗಿಸಿ, ತಲೆಗೆ ಜಾಗವಿದ್ದರೆ ಸೀಟನ್ನು ಏರಿಸಿ ಮಂಡಿಗೆ ಬಿಡುವು ಕೊಡಬೇಕು. ತುಸು ಹೆಚ್ಚು ಬಾಗಿದ ಮಂಡಿಯಿಂದ ಕಾರನ್ನು ಹಿಡಿತದಲ್ಲಿಡಬಹುದು. ಚಾಚಿದ ತೋಳಿನಿಂದ ಗಾಬರಿಯ ಕ್ಷಣದಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಲಾಗುವುದಿಲ್ಲ.

ಹೆಡ್‌ರೆಸ್ಟನ್ನು ಎಷ್ಟೋ ಮಂದಿ ಕಾರು ಕೊಂಡಂದಿನಿಂದ ಮುಟ್ಟಿಯೇ ಇರುವುದಿಲ್ಲ. ಕೆಳಗೇ ಉಳಿದ ಹೆಡ್‌ರೆಸ್ಟ್ ಎತ್ತರದವರ ಕತ್ತಿನ ಬುಡಕ್ಕೆ ಬರುತ್ತದೆ, ಹಿಂದಿನಿಂದ ಬೇರೆ ಗಾಡಿ ಬಡಿದಾಗ ತಲೆ ಅದರ ಮೇಲಿನಿಂದ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಅದರ ಮೇಲಂಚು ನೆತ್ತಿಯ ಮಟ್ಟಕ್ಕೆ ಬರುವುದು ಆದರ್ಶ, ಕಿವಿಯ ಮೇಲ್ತುದಿಗಿಂತ ಕೆಳಗಂತೂ ಇರಕೂಡದು. ತಲೆಯ ಹಿಂಬದಿಗೂ ಅದಕ್ಕೂ ನಡುವಿನ ಅಂತರ 10 ಸೆಂಟಿಮೀಟರ್ ಮೀರಬಾರದು. ಒರಗನ್ನು ಮಲಗಿಸಿದಷ್ಟೂ ಈ ಅಂತರ ಹೆಚ್ಚುತ್ತದೆ ಎಂಬುದು ಅತಿಯಾಗಿ ಒರಗದಿರಲು ಮತ್ತೊಂದು ಕಾರಣ. ಮೇಲೆತ್ತಿದ ಹೆಡ್‌ರೆಸ್ಟ್ ಕ್ಲಿಕ್ ಎಂದು ಕೂತಿದೆಯೇ ಎಂದು ಕೈಯಿಂದ ಒತ್ತಿ ನೋಡಬೇಕು.

1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟ್ ತನ್ನ ಬಲವನ್ನು ಸೊಂಟದ ಮೂಳೆ, ಎದೆಗೂಡು, ಭುಜದಂಥ ಗಟ್ಟಿ ಭಾಗಗಳ ಮೇಲೆ ಹಂಚುವುದರಿಂದಲೇ ಕೆಲಸ ಮಾಡುತ್ತದೆ. ಎತ್ತರದವರಲ್ಲಿ ಬೆಲ್ಟಿನ ಮೇಲ್ತುದಿ ಭುಜಕ್ಕಿಂತ ಕೆಳಗೆ ಉಳಿಯುವ ಸಂಭವವಿದೆ. ಆಗ ಬೆಲ್ಟು ಭುಜವನ್ನು ಹಿಂದಕ್ಕೆ ಹಿಡಿಯುವ ಬದಲು ಕೆಳಕ್ಕೆ ಒತ್ತುತ್ತದೆ, ಆ ಭಾರ ಬೆನ್ನೆಲುಬಿನ ಮೇಲೆ ಬೀಳುತ್ತದೆ. ಬಾಗಿಲ ಪಕ್ಕದ ಕಂಬದ ಮೇಲಿರುವ ಬೆಲ್ಟಿನ ಎತ್ತರದ ಹೊಂದಿಕೆಯನ್ನು ತುತ್ತತುದಿಗೆ ಸರಿಸಿ, ಪಟ್ಟಿ ಭುಜದ ನಡುವಿನಲ್ಲಿ ಹಾಯುವಂತೆ ನೋಡಿಕೊಳ್ಳಬೇಕು. ಕನ್ನಡಿಗಳನ್ನು ಎಲ್ಲಕ್ಕಿಂತ ಕೊನೆಗೆ, ಬೆನ್ನು ನೆಟ್ಟಗಿಟ್ಟು ಹೊಂದಿಸಬೇಕು. ಪ್ರಯಾಣದ ನಡುವೆ ಒಳಗನ್ನಡಿ ಹಿಂಗಾಜಿನ ಪೂರ್ತಿ ನೋಟ ಕೊಡದಿದ್ದರೆ ಜಾರಿರುವುದು ಕನ್ನಡಿಯಲ್ಲ, ನೀವು.

ಇಷ್ಟೆಲ್ಲ ಮಾಡಿಯೂ ಜಾಗ ಸಾಲದವರು ಸೀಟಿನ ಹಳಿಯನ್ನು ಹಿಂದಕ್ಕೆ ಸರಿಸುವ ಬ್ರಾಕೆಟ್ ಹಾಕಿಸುವ, ಮೆತ್ತೆಯ ಫೋಮ್ ಕತ್ತರಿಸುವ ಯೋಚನೆ ಮಾಡುತ್ತಾರೆ. ಸೀಟು ಅಪಘಾತದ ಹೊಡೆತವನ್ನು ತಡೆಯುವ ಒಂದು ರಚನೆ. ಬೆಲ್ಟಿನ ಕೊಕ್ಕೆ ಬಹಳಷ್ಟು ಕಾರುಗಳಲ್ಲಿ ಸೀಟಿಗೇ ಜೋಡಣೆಯಾಗಿರುತ್ತದೆ, ಸೀಟಿನಡಿ ಏರ್‌ಬ್ಯಾಗಿನ ವೈರುಗಳೂ ಮೆತ್ತೆಯೊಳಗೆ ಸಂವೇದಕಗಳೂ ಇರುತ್ತವೆ. ಆ ಮಾದರಿಗೆಂದೇ ಪರೀಕ್ಷಿಸಿ ತಯಾರಿಸಿದ ಬ್ರಾಕೆಟ್ ಅಲ್ಲದೆ ಬೇರೇನನ್ನೂ ಬೆಸುಗೆ ಹಾಕಿಸಬಾರದು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ ಅದನ್ನು ಮುಚ್ಚುವ ಕವರ್ ಸಹ ಬೇಡ.

ಹೊಸ ಕಾರು ನೋಡುವವರು ವಿವರ ಪುಸ್ತಿಕೆಯ ಅಂಕಿಗಳನ್ನು ಅರಿತು ಓದಬೇಕು. ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯ ಜೆ1100 ಮಾನದಂಡದ ಪ್ರಕಾರ ತಲೆಯ ಜಾಗವನ್ನು ಅಳೆಯುವುದು ಕುಳಿತವರ ಸೊಂಟದ ಕೀಲಿನ ಬಿಂದುವಿನಿಂದ, ಲಂಬಕ್ಕಿಂತ 8 ಡಿಗ್ರಿ ಹಿಂದಕ್ಕೆ ವಾಲಿದ ರೇಖೆಯಲ್ಲಿ, ಚಾವಣಿಯವರೆಗೆ. ಅದಕ್ಕೆ 102 ಮಿಲಿಮೀಟರ್ ಕೂಡಿಸುತ್ತಾರೆ. ಕಾಲಿನ ಜಾಗವೆಂದರೆ ಕಣಕಾಲಿನ ಕೀಲಿನಿಂದ ಅದೇ ಸೊಂಟದ ಬಿಂದುವಿನವರೆಗಿನ ಅಳತೆಗೆ 254 ಮಿಲಿಮೀಟರ್ ಕೂಡಿಸಿದ್ದು. ಸ್ಟೀರಿಂಗ್ ಎಷ್ಟು ದೂರದಲ್ಲಿದೆ, ಮೆತ್ತೆ ಎಷ್ಟು ಉದ್ದವಿದೆ, ಮಂಡಿ ಎಲ್ಲಿಗೆ ತಾಗುತ್ತದೆ ಎಂಬುದು ಈ ಎರಡು ಅಂಕಿಗಳಲ್ಲಿ ಎಲ್ಲೂ ಇಲ್ಲ. ಕಾಲಿನ ಜಾಗ ಹೆಚ್ಚೆಂದು ಹೊಗಳಿಸಿಕೊಂಡ ಕಾರಿನಲ್ಲೂ ತೋಳು ಚಾಚಿ ಕೂರಬೇಕಾಗುವುದು ಈ ಕಾರಣದಿಂದ.

ಸನ್‌ರೂಫ್ ಇರುವ ಮಾದರಿಯಲ್ಲಿ ಅದರ ಚೌಕಟ್ಟು ಚಾವಣಿಯನ್ನು ಕೆಲವು ಸೆಂಟಿಮೀಟರ್ ತಗ್ಗಿಸುವುದರಿಂದ, ಇಲ್ಲದ ಮಾದರಿಯಲ್ಲಿ ಕುಳಿತು ನೋಡಿ ಇರುವ ಮಾದರಿಯನ್ನು ಕಾಯ್ದಿರಿಸಬಾರದು. ಕೆಳದರ್ಜೆಯ ಮಾದರಿಯಲ್ಲಿ ಸೀಟಿನ ಎತ್ತರದ ಹೊಂದಿಕೆಯೋ ಚಕ್ರ ಹೊರಗೆಳೆಯುವ ಸೌಲಭ್ಯವೋ ಇಲ್ಲದಿರಬಹುದು. ಕೊಳ್ಳಲಿರುವ ಅದೇ ಮಾದರಿಯಲ್ಲಿ, ದಿನವೂ ಹಾಕುವ ಬೂಟಿನಲ್ಲೇ, ಕೂರಬೇಕು. ಶೋರೂಮಿನ ನಿಂತ ಕಾರಿನಲ್ಲಿ ಐದು ನಿಮಿಷ ಹಿತವೆನಿಸುವ ಭಂಗಿ ಅರ್ಧ ತಾಸಿನ ಓಡಾಟದಲ್ಲಿ ಬೇರೆಯಾಗಿ ಕಾಣಬಹುದು, ಹಾಗಾಗಿ ಪರೀಕ್ಷಾ ಚಾಲನೆಯನ್ನು ಅಷ್ಟು ಹೊತ್ತಾದರೂ ಕೇಳಿ ಪಡೆಯಬೇಕು. ಹಿಂತಿರುಗಿದಾಗ ಸೀಟು ಬಿಟ್ಟೇಳುವ ಮುನ್ನ ಮಣಿಕಟ್ಟನ್ನು ಮತ್ತೊಮ್ಮೆ ಚಕ್ರದ ತುದಿಯ ಮೇಲಿಟ್ಟು ನೋಡಬೇಕು. ಹೊರಟಾಗ ತಲುಪುತ್ತಿದ್ದುದು ಈಗ ತಲುಪದಿದ್ದರೆ ನಡುವೆ ಪೃಷ್ಠ ಮುಂದಕ್ಕೆ ಜಾರಿ ಬೆನ್ನು ಗೂನಾಗಿದೆ ಎಂದರ್ಥ, ಮತ್ತು ಅದಕ್ಕೆ ಕಾರಣ ಮೆತ್ತೆಯ ಇಳಿಜಾರೋ ಸೊಂಟದ ಆಸರೆಯೋ ಎಂಬುದನ್ನು ಹಣ ಕಟ್ಟುವ ಮೊದಲೇ ಪತ್ತೆ ಮಾಡಬೇಕು.